ಲಾನು ಕಿತ್ತ ಶಾಲೆಗೆ ಅಧ್ಯಕ್ಷರು ಬಂದ ದಿನ

ಶಾಲೆಯ ತೋಟಕ್ಕೆ ಮೇಕೆಗಳು ನುಗ್ಗಬಹುದಿತ್ತು, ಮಂಚೇನಹಳ್ಳಿ ಕಡೆಯ ಮೇಕೆಗಳು ಬೇಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವವಲ್ಲ. ಕಲ್ಲುಗಳ ಸಂದಿಯಲ್ಲಿ ಹಾವು ಸೇರಿಕೊಂಡು, ಅಧ್ಯಕ್ಷರು ನಿಂತ ಕಡೆಯೇ ಸರಿಯಾಗಿ ತಲೆ ಹೊರಗೆ ಹಾಕಬಹುದಿತ್ತು. ಮುಂಗಾರು ಕೈಕೊಡಬಹುದಿತ್ತು. ಕೈಕೊಡದೆ ಬಂದು, ಅವತ್ತೇ ಸುರಿದು, ಅವರ ಬಿಳಿ ಪಂಚೆಗೆ ಕೆಮ್ಮಣ್ಣು ಸಿಡಿಯಬಹುದಿತ್ತು. ಯಾರೋ ಬೀಡಿ ಎಸೆದು ಹುಲ್ಲಿಗೆ ಬೆಂಕಿ ಬೀಳಬಹುದಿತ್ತು. ಪುಣ್ಯಾತ್ಮರು ಯಾರಾದರೂ ಪೊದೆ ಬೆಳೆದಿದೆ ಎಂದು ಜೆಸಿಬಿ ಕರೆಸಿ ಸವರಿಬಿಡಬಹುದಿತ್ತು. ಹೂವಿನ ಮೇಲಿದ್ದ ಜೇನು ಎದ್ದು ಅಧ್ಯಕ್ಷರ ಮೂಗಿಗೇ ಕಚ್ಚಬಹುದಿತ್ತು. ಪಾರ್ಥೇನಿಯಂ ಮೊಣಕಾಲೆತ್ತರ ಎದ್ದಿರಬಹುದಿತ್ತು. ನಾನು ಹತ್ತಿದ ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಬಸ್ಸು ಸರಿಯಾಗಿದ್ದು ನನ್ನ ಮಂಡಿ ಕೆಟ್ಟು ನಿಲ್ಲಬಹುದಿತ್ತು.

ಇಷ್ಟನ್ನೂ ನಾನು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಆರುವಷ್ಟರೊಳಗೆ ಯೋಚಿಸಿ ಮುಗಿಸಿದ್ದೆ. ನಮ್ಮ ಯಜಮಾನರು ಮನೆಯಲ್ಲಿ ಯಾವಾಗಲೂ ಹೇಳುತ್ತಿದ್ದರು: "ನಿಂಗೆ ಚಿಂತೆ ಮಾಡೋದೇ ಕೆಲ್ಸ ಕಣೇ. ತೋಟ ಮಾಡೋದು ಬಿಡುವಿದ್ದಾಗ."

ಈಗ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಬಿಡಿಸಿದ್ದು ವಯಸ್ಸಲ್ಲ, ಮಂಡಿ. ತೋಟ ವಿನ್ಯಾಸದ ಕೆಲಸಕ್ಕೆ ಹೊಸದಾಗಿ ಇಳಿಯುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ನೀರಿಲ್ಲದ ಕಡೆ ಏನು ನೆಡಬೇಕು, ಒಂದು ಲಿಸ್ಟ್ ಕಳಿಸಿ" ಅನ್ನುತ್ತಾರೆ. ಲಿಸ್ಟು ಕಳಿಸಬಹುದು. ಆದರೆ ಲಿಸ್ಟಿನಿಂದ ತೋಟ ಆಗುವುದಿಲ್ಲ ಎಂಬುದನ್ನು ಕಲಿಯಲು ನನಗೆ ಅರ್ಧ ನೌಕರಿ ಹಿಡಿಯಿತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನೂರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಮನೆಯಲ್ಲಿ ರಾಗಿ, ಹಿಪ್ಪುನೇರಳೆ, ರೇಷ್ಮೆ ಹುಳುವಿನ ಮನೆ. ಹೆಣ್ಣುಮಗಳು ಓದಿ ತೋಟದ ಕೆಲಸಕ್ಕೆ ಸೇರಿದಳೆಂದು ಕೇಳಿದಾಗ ನಮ್ಮ ದೊಡ್ಡಪ್ಪ, "ಆ ಕೆಲ್ಸ ಇಲ್ಲೇ ಇತ್ತಲ್ಲಮ್ಮ, ಅದಕ್ಕೆ ಕಾಲೇಜು ಯಾಕೆ?" ಎಂದಿದ್ದರು. ಚಿಕ್ಕಬಳ್ಳಾಪುರದಲ್ಲಿ ನರ್ಸರಿ ಇಟ್ಟುಕೊಂಡು ತೋಟಗಳ ಕಂಟ್ರಾಕ್ಟು ಮಾಡುತ್ತಿದ್ದ ನಂಜುಂಡಪ್ಪನವರ ಹತ್ತಿರ ನಾನು ಸೇರಿದ್ದು. ಕೊನೆಯವರೆಗೂ ಅಲ್ಲೇ ಇದ್ದೆ.

ನಂಜುಂಡಪ್ಪನವರಿಗೆ ಒಂದೇ ಸಿದ್ಧಾಂತ. "ಗಿರಾಕಿ ಕಾರಿಂದ ಇಳಿದ ತಕ್ಷಣ ಕಣ್ಣಿಗೆ ಹಸಿರು ಹೊಡೀಬೇಕು ಸುಗುಣಮ್ಮ. ಆಮೇಲೆ ಏನಾದ್ರೂ ಆಗ್ಲಿ." ಹಾಗಾಗಿ ನಾವು ಎಲ್ಲ ಕಡೆಯೂ ಒಂದೇ ತೋಟ ಮಾಡುತ್ತಿದ್ದೆವು. ನಡುವೆ ಲಾನು, ಅಂಚಿಗೆ ಕತ್ತರಿಸಿದ ಡುರಾಂಟಾ, ಕಾಂಪೌಂಡಿಗೆ ಅಶೋಕ, ಬಾಗಿಲ ಎರಡೂ ಕಡೆ ಕ್ರೋಟನ್ನು. ಗೌರಿಬಿದನೂರಿನ ಫ್ಯಾಕ್ಟರಿಗೂ ಅದೇ, ಚಿಂತಾಮಣಿಯ ಕಲ್ಯಾಣ ಮಂಟಪಕ್ಕೂ ಅದೇ. ರಾತ್ರಿ ಲಾರಿಯಿಂದ ಹುಲ್ಲಿನ ಹಾಸು ಇಳಿಸಿದರೆ ಬೆಳಿಗ್ಗೆಗೆ ತೋಟ ರೆಡಿ. ಆ ಹಸಿ ಮಣ್ಣಿನ ವಾಸನೆ, ಪೈಪಿನ ನೀರು ಬಿದ್ದಾಗ ಏಳುತ್ತಿದ್ದ ತಂಪು, ಎಲ್ಲವೂ ಈಗಲೂ ನೆನಪಿಗೆ ಬರುತ್ತವೆ. ಸುಳ್ಳು ಹೇಳಬಾರದು, ನನಗೆ ಲಾನು ಇಷ್ಟವಿತ್ತು. ಬರಿಗಾಲಲ್ಲಿ ನಡೆದವರಿಗೆ ಗೊತ್ತು.

ಆಮೇಲೆ ಬೋರ್‌ವೆಲ್ಲುಗಳು ಒಂದೊಂದಾಗಿ ಬತ್ತಿದವು. ಟ್ಯಾಂಕರ್ ಬಂತು. ಟ್ಯಾಂಕರ್ ನೀರು ಕುಡಿದ ಲಾನನ್ನು ನೋಡಿ ಅಕ್ಕಪಕ್ಕದವರು ಬಿಂದಿಗೆ ಹಿಡಿದು ಗೇಟಿನ ಹತ್ತಿರ ನಿಲ್ಲತೊಡಗಿದರು. ಚಿಂತಾಮಣಿಯ ಒಬ್ಬ ಡಾಕ್ಟರು ತಾವಾಗಿಯೇ ಹೇಳಿದರು: "ಅಮ್ಮ, ಈ ಹುಲ್ಲಿಗೆ ನೀರು ಹಾಕೋವಾಗ ನಂಗೆ ರಸ್ತೇಲಿ ಹೋಗೋರ ಮುಖ ನೋಡೋಕಾಗಲ್ಲ. ನೀರು ಕೇಳದೇ ಇರೋದು ಏನಾದ್ರೂ ಹಾಕಿ."

ಅದು ನನ್ನ ಮೊದಲ ನಾಟಿ ತೋಟ. ತಂಗಡಿ, ಲಕ್ಕಿ, ಬಂದರಿಕೆ, ಕಾರೆ, ಎಲ್ಲವೂ ನಮ್ಮ ಗುಡ್ಡಗಳ ಗಿಡಗಳು. ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆದರೆ ನಾನು ಅಭ್ಯಾಸಬಲದಿಂದ ಹಗ್ಗ ಹಿಡಿದು, ಸಾಲು ಹೊಡೆದು, ಸಮ ಅಂತರದಲ್ಲಿ ನೆಟ್ಟೆ. ಜೊತೆಗೆ ಪ್ರೀತಿಯಿಂದ ಬುಡಕ್ಕೆ ಎರಡೆರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಸುರಿದೆ. ಗುಡ್ಡದಲ್ಲಿ ಹಸಿವಿನಲ್ಲೇ ಬೆಳೆದ ಗಿಡಗಳಿಗೆ ಹಬ್ಬದೂಟ ಹಾಕಿದಂತಾಯಿತು. ಸರಸರನೆ ಉದ್ದಕ್ಕೆ ಎದ್ದು, ತಮ್ಮ ಭಾರ ತಾವೇ ತಡೆಯಲಾರದೆ ಮಲಗಿದವು. ಮಲಗದೆ ಉಳಿದ ಗಿಡಗಳ ಸಾಲನ್ನು ನೋಡಿದವರು ಅದನ್ನು ತೋಟವೆಂದೇ ತಿಳಿಯಲಿಲ್ಲ. ನರ್ಸರಿ ಅಂದುಕೊಂಡು ಒಳಗೆ ಬಂದು ಡಾಕ್ಟರನ್ನೇ ರೇಟು ಕೇಳಿದರು. ಡಾಕ್ಟರು ಒಳ್ಳೆಯವರು, ಎರಡು ಗಿಡ ಕೊಟ್ಟೂ ಕಳಿಸಿದರಂತೆ.

ನಂಜುಂಡಪ್ಪನವರು ಬೈಯಲಿಲ್ಲ. ನಗೆಯನ್ನಂತೂ ತಡೆದುಕೊಳ್ಳಲಿಲ್ಲ. "ಬೆಟ್ಟದಲ್ಲಿ ಪುಕ್ಕಟೆ ಬೆಳೆಯೋದನ್ನ ತಂದು ನೆಡ್ತೀವಿ, ದುಡ್ಡು ಕೊಡಿ ಅಂದ್ರೆ ಯಾರಮ್ಮ ಕೊಡ್ತಾರೆ? ಹೋಗ್ಲಿ, ಬಾ, ಬೆಟ್ಟಾನೇ ನೋಡ್ಕೊಂಡು ಬರಣ" ಎಂದು ಸ್ಕೂಟರ್ ತೆಗೆದರು.

ಮಂಡಿಕಲ್ ಕಡೆಯ ಒಂದು ಗುಡ್ಡದ ಬುಡಕ್ಕೆ ಹೋದೆವು. ಅವರು ಬಂಡೆಯ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ, "ನೋಡು, ನಂಗೇನೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ. ಸುಮ್ನೆ ನೋಡಣ" ಎಂದರು. ಅವರಿಂದ ಕಲಿತ ದೊಡ್ಡ ಪಾಠ ಅದೇ. ಗಂಟೆಗಟ್ಟಲೆ ನೋಡಿದೆವು. ದೊಡ್ಡ ಕಲ್ಲಿನ ನೆರಳಿನ ಕಡೆ ಒಂದು ಬಗೆಯ ಹುಲ್ಲು, ಬಿಸಿಲಿನ ಕಡೆ ಇನ್ನೊಂದು. ತಂಗಡಿ ಸಾಲಾಗಿ ನಿಲ್ಲುವುದಿಲ್ಲ. ನಾಲ್ಕಾರು ಒಟ್ಟಿಗೆ, ಆಮೇಲೆ ಒಂದಷ್ಟು ಬಯಲು, ಮತ್ತೆ ಗುಂಪಿನಿಂದ ಮುನಿಸಿಕೊಂಡು ಹೊರಟಂತೆ ದೂರದಲ್ಲಿ ಒಂದೇ ಒಂದು. ನೀರು ಹರಿದ ಜಾಡಿನಲ್ಲಿ ಲಕ್ಕಿ. ಕಲ್ಲಿನ ಸಂದಿಗೆ ಕಾರೆ. ಇದೆಲ್ಲದರ ಕೆಳಗೆ, ನೆಲಕ್ಕೆ ಅಂಟಿಕೊಂಡು, ವಿಷ್ಣುಕ್ರಾಂತಿಯ ನೀಲಿ ಚುಕ್ಕಿಗಳು. ಬರಿ ಮಣ್ಣು ಎಲ್ಲೂ ಕಾಣುತ್ತಿರಲಿಲ್ಲ.

ಬಗ್ಗಿದರೆ ಮಂಡಿ ನೋಯದ ಕಾಲ ಅದು. ಸಂಜೆ ಇಳಿಯುವಾಗ ನನ್ನ ಸೆರಗಿನ ತುಂಬ ಬೀಜ. ಗಿಡ ಕೀಳಬಾರದು, ಬೀಜ ಮಾತ್ರ, ಅದೂ ಹಕ್ಕಿಗಳಿಗೆ ಬಿಟ್ಟು ಉಳಿದದ್ದು ಎಂದು ಅವತ್ತೇ ಮಾಡಿಕೊಂಡ ನಿಯಮ. ನಂಜುಂಡಪ್ಪನವರು ಈಗಿಲ್ಲ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಬಂಡೆಯ ಕಡೆ ಕತ್ತು ತಿರುಗುತ್ತದೆ.

ಆಮೇಲಿನ ವರ್ಷಗಳಲ್ಲಿ ಕಲಿತದ್ದನ್ನು ಸುಮ್ಮನೆ ಹೇಳಿಬಿಡುತ್ತೇನೆ. ಮೊದಲು ಕಲ್ಲು ಇಡಿ, ಆಮೇಲೆ ಗಿಡ. ಕಲ್ಲನ್ನು ಮೂರನೇ ಒಂದು ಭಾಗ ಹೂಳಿ. ಮೇಲೆ ಇಟ್ಟ ಕಲ್ಲು ಲಾರಿಯಿಂದ ಬಿದ್ದ ಹಾಗೆ ಕಾಣುತ್ತದೆ. ನೆಲವನ್ನು ಮಟ್ಟ ಮಾಡಬೇಡಿ, ತಗ್ಗಿನಲ್ಲಿ ಮಳೆ ನಿಲ್ಲಲಿ. ಎಳೆಯ ಸಸಿ ನೆಡಿ. ದೊಡ್ಡ ಗಿಡ ತಂದರೆ ಗಿರಾಕಿಗೆ ಖುಷಿ, ಗಿಡಕ್ಕಲ್ಲ. ಮೊದಲ ಮಳೆಗೆ ನೆಡಿ. ಮೊದಲ ವರ್ಷ ನೀರು ಬೇಕು, ಬೇಡವೇ ಬೇಡ ಎಂದು ಯಾರಿಗೂ ಮಾತು ಕೊಡಬೇಡಿ. ಓಡಾಡುವ ದಾರಿಯನ್ನು ನೀವು ಗೀಚಬೇಡಿ. ಜನ ಒಂದು ತಿಂಗಳು ನಡೆಯಲಿ, ಅವರ ಕಾಲೇ ತೋರಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇಸಿಗೆಯಲ್ಲಿ ಇದು ಒಣಗಿದ ಹಾಗೆ ಕಾಣುತ್ತದೆ ಎಂದು ಮೊದಲೇ ಹೇಳಿ. ಹೇಳಿದರೂ ಅವರು ಫೋನ್ ಮಾಡುತ್ತಾರೆ.

ಇನ್ನು ಶಾಲೆಯ ವಿಷಯ. ನಾನು ಕೆಲಸ ಬಿಡುವ ಮುಂಚಿನ ಕೊನೆಯ ತೋಟ ಅದು.

ಮಂಚೇನಹಳ್ಳಿಯಿಂದ ಆಚೆ, ಒಂದು ಟ್ರಸ್ಟಿನ ಹೈಸ್ಕೂಲು. ಮುಖ್ಯೋಪಾಧ್ಯಾಯಿನಿ ಶಮೀಮ್ ಮೇಡಂ ಶಿಡ್ಲಘಟ್ಟದವರು. ರೇಷ್ಮೆ ನೂಲು ಬಿಚ್ಚುವ ಮನೆತನ. ನೂಲಿನ ಮನೆಯಲ್ಲಿ ಬೆಳೆದವರಿಗೆ ತಾಳ್ಮೆ ಜಾಸ್ತಿ ಎಂದು ನಾನು ನಂಬಿದ್ದು ಅವರನ್ನು ನೋಡಿದ ಮೇಲೆ. ಶಾಲೆಯ ಮುಂದೆ ಒಂದು ದೊಡ್ಡ ಲಾನು. ಟ್ರಸ್ಟಿನ ಅಧ್ಯಕ್ಷರಿಗೆ ಅದೆಂದರೆ ಪ್ರಾಣ. ಬಂದಾಗಲೆಲ್ಲ ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಇಡೀ ಶಾಲೆಗೆ ಇದ್ದದ್ದು ಒಂದೇ ಬೋರು. ಬೆಳಗಿನ ನೀರನ್ನೆಲ್ಲ ಲಾನೇ ಕುಡಿದು, ಮಧ್ಯಾಹ್ನದ ಹೊತ್ತಿಗೆ ಹುಡುಗಿಯರ ಶೌಚಾಲಯದ ನಲ್ಲಿ ಬರಿ ಗಾಳಿ ಬಿಡುತ್ತಿತ್ತು.

"ಸುಗುಣಕ್ಕ, ನಮ್ಮ ಹುಡುಗೀರು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯಲ್ಲ" ಎಂದರು ಶಮೀಮ್ ಮೇಡಂ. "ಕುಡಿದ್ರೆ ಹೋಗಬೇಕಲ್ಲ. ಹೋದ್ರೆ ನೀರಿಲ್ಲ. ಮಾರ್ಚ್ ತಿಂಗಳು ಬಂದ್ರೆ ಪ್ರಾರ್ಥನೇಲೇ ತಲೆ ಸುತ್ತಿ ಬೀಳ್ತಾರೆ. ನಾನು ಲಾನು ಬೇಡ ಅಂದ್ರೆ ಅಧ್ಯಕ್ಷರಿಗೆ ಕೋಪ. ಲಾನಿಗಿಂತ ಚೆನ್ನಾಗಿರೋದು ಹಾಕ್ತೀವಿ ಅಂದ್ರೆ ಕೇಳ್ತಾರೆ. ನೀವು ಹಾಕಿಕೊಡ್ತೀರಾ?"

ನಾನು ಹಾಕಿಕೊಡುತ್ತೇನೆ ಎಂದೆ. ಮನೆಗೆ ಬಂದು ಯಾಕೆ ಹಾಗೆಂದೆ ಎಂದು ಮೂರು ದಿನ ಯೋಚಿಸಿದೆ.

ಅಧ್ಯಕ್ಷರು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ ಗಡುವು ಕೊಟ್ಟರು. "ನಾನು ಶ್ರಾವಣದಲ್ಲಿ ಬಂದು ನೋಡ್ತೀನಿ. ಪಾಳು ಜಾಗದ ಹಂಗೆ ಕಂಡ್ರೆ ಮಾರನೇ ದಿನಾನೇ ಲಾನು ವಾಪಸ್ಸು. ಪೈಪೂ ವಾಪಸ್ಸು." ಅಂದರೆ ನಮ್ಮ ಕೈಯಲ್ಲಿದ್ದದ್ದು ಹುಡುಗಿಯರ ಒಂದು ವರ್ಷದ ನೀರು. ತೋಟ ಚೆನ್ನಾಗಿ ಕಂಡರೆ ಮುಂದೆಯೂ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಲಾನು ಕಿತ್ತೆವು. ಬೋರಿನ ಪೈಪನ್ನು ಶೌಚಾಲಯದ ತೊಟ್ಟಿಗೆ ತಿರುಗಿಸಿದೆವು. ಕಲ್ಲು ಹೂಳಿ, ತಗ್ಗು ಮಾಡಿ, ಮೊದಲ ಮಳೆಗೆ ತಂಗಡಿ, ಲಕ್ಕಿ, ಬಂದರಿಕೆ, ಕಾರೆ, ಶಾಲೆಯ ಗಂಟೆಯ ಪಕ್ಕ ಒಂದು ಕಕ್ಕೆ ನೆಟ್ಟೆವು. ನಡುನಡುವೆ ಗುಡ್ಡದ ಹುಲ್ಲು. ಮೊದಲ ವರ್ಷದ ನೀರಿಗೆ ಕೈತೊಳೆಯುವ ಕಟ್ಟೆಯ ಬಚ್ಚಲು ನೀರನ್ನೇ ಕಾಲುವೆ ಮಾಡಿ ಬಿಟ್ಟೆವು.

ಬೇಸಿಗೆ ಬಂತು. ಹುಲ್ಲು ಒಣ ರಾಗಿ ಹುಲ್ಲಿನ ಬಣ್ಣಕ್ಕೆ ತಿರುಗಿತು. ಯಾರೋ ಫೋಟೋ ತೆಗೆದು ಅಧ್ಯಕ್ಷರಿಗೆ ಕಳಿಸಿದರು. "ಏನಮ್ಮ, ಎಲ್ಲಾ ಸತ್ತೋಯ್ತಂತಲ್ಲ?" ಎಂದು ಫೋನ್ ಬಂತು. ಸತ್ತಿಲ್ಲ ಸಾರ್, ಮಲಗಿದೆ ಎಂದೆ. "ಎಷ್ಟು ದಿನ ಮಲಗುತ್ತೆ?" ಮಳೆ ಬರೋವರೆಗೂ ಸಾರ್. ಅದಾದ ಮೇಲೆ ನಾನೂ ಮಲಗಲಿಲ್ಲ. ಇತ್ತ ಮಕ್ಕಳಿಗೆ ಗಿಡಗಳ ಮೇಲೆ ಕರುಣೆ ಉಕ್ಕಿ, ಬಾಟಲಿಯಲ್ಲಿ ಉಳಿದ ನೀರನ್ನೆಲ್ಲ ತಂಗಡಿಯ ಬುಡಕ್ಕೇ ಸುರಿಯತೊಡಗಿದರು. ಬುಡ ಕೊಳೆತು ಎರಡು ಗಿಡ ಹೋದವು. ಶಮೀಮ್ ಮೇಡಂ ಪ್ರಾರ್ಥನೆಯ ವೇಳೆ ನಿಂತು, "ಯಾರಿಗೆ ಗಿಡದ ಮೇಲೆ ಪ್ರೀತಿ ಇದೆಯೋ ಅವರು ಆ ನೀರನ್ನ ತಾವೇ ಕುಡೀರಪ್ಪ" ಎಂದರು. ಹುಡುಗಿಯರು ನಕ್ಕರು. ಕುಡಿದರು.

ಮುಂಗಾರು ಹದವಾಗಿ ಬಂತು. ಎರಡೇ ವಾರದಲ್ಲಿ ಹುಲ್ಲು ಬುಡದಿಂದ ಚಿಗುರಿತು. ನೆಲದ ಹೊದಿಕೆ ಮಾತ್ರ ಬಾಕಿ ಇತ್ತು. ನನ್ನೂರಿನ ಹೊಲದ ಬದುವಿನಿಂದ ಬೀಜ ತಂದು ಎರಚಿದ್ದೆ. ಅಣ್ಣೆಯ ಗುಲಾಬಿ ತೆನೆ, ಕನ್ನೆಯ ನೀಲಿ ಹೂ, ಗೋಣಿಯ ಹಳದಿ ಚುಕ್ಕಿ, ನಡುನಡುವೆ ವಿಷ್ಣುಕ್ರಾಂತಿ. ನನ್ನ ಲೆಕ್ಕದಲ್ಲಿ ಅವು ಬಣ್ಣಗಳು. ಶ್ರಾವಣದ ಹೊತ್ತಿಗೆ ಕಲ್ಲುಗಳ ನಡುವೆ ಎಲ್ಲೂ ಮಣ್ಣು ಕಾಣದ ಹಾಗೆ ಹಬ್ಬಿದವು. ಮೇಲೆ ತಂಗಡಿ ಹೂವಿನ ಚಿನ್ನ, ಕೆಳಗೆ ಈ ಹಾಸು. ಅಧ್ಯಕ್ಷರು ಬರುವ ಹಿಂದಿನ ದಿನ ಸಂಜೆ ಅಲ್ಲಿ ನಿಂತಾಗ, ಮಂಡಿಕಲ್ಲಿನ ಆ ಗುಡ್ಡವೇ ಇಳಿದು ಬಂದು ಶಾಲೆಯ ಮುಂದೆ ಕೂತ ಹಾಗಿತ್ತು. ಇನ್ನು ಇದಕ್ಕಿಂತ ಚೆನ್ನಾಗಿ ನನ್ನಿಂದ ಆಗುವುದಿಲ್ಲ ಎನ್ನಿಸಿತು.

ಮಾರನೆಯ ದಿನ ಬಸ್ಸು ಕೆಡಲಿಲ್ಲ, ಆದರೆ ನಿಧಾನವಾಯಿತು. ಹಿಂದಿನ ಗೇಟಿನ ಸ್ಟಾಪಿನಲ್ಲಿ ಇಳಿದೆ. ಅಧ್ಯಕ್ಷರ ಕಾರು ಅಡುಗೆ ಮನೆಯ ಹತ್ತಿರವೇ ನಿಂತಿತ್ತು. ಶಮೀಮ್ ಮೇಡಂ ಓಡಿ ಬಂದು, "ಬೇಗ ಬಂದುಬಿಟ್ಟಿದಾರೆ ಅಕ್ಕ. ಶುಗರ್ ಮಾತ್ರೆ ತಗೊಂಡಾಗಿದೆಯಂತೆ, ಮೊದಲು ಊಟ ಅಂತಿದಾರೆ. ತೋಟ ಆಮೇಲೆ" ಎಂದರು. ನಾನು ಮುಂದುಗಡೆಗೆ ಹೋಗಿ ಒಂದು ಸಲ ನೋಡಿ ಬರೋಣವೆಂದರೆ ಬಿಡಲಿಲ್ಲ. "ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಅವರು ಏನಾದ್ರೂ ಕೇಳಿದ್ರೆ ನಂಗೆ ಗಿಡದ ಹೆಸರೂ ಬರಲ್ಲ."

ಎಲೆ ಹಾಕಿದ್ದರು. ಶಾಲೆಯ ಅಡುಗೆಯ ರತ್ನಮ್ಮ ಬಡಿಸಿದಳು. ಆಂಧ್ರದ ಗಡಿಯ ಕಡೆಯ ಹೆಂಗಸು, ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಬಿಸಿ ಮುದ್ದೆ, ಮೇಲೆ ಬೆಣ್ಣೆ, ಗಟ್ಟಿ ಮಸೊಪ್ಪು. ಅಧ್ಯಕ್ಷರು ಮೊದಲ ತುತ್ತು ನುಂಗಿ ಎಲೆಯನ್ನೇ ಬಗ್ಗಿ ನೋಡಿದರು. ಕಲ್ಲು ಸಿಕ್ಕಿತೇನೋ ಎಂದುಕೊಂಡೆ.

"ಇದು ಬೆರಕೆ ಸೊಪ್ಪಲ್ವೇನಮ್ಮ?" ಎಂದರು.

"ಔನು ಸಾರ್. ಇನ್ನೊಂದು ಸೌಟು ಹಾಕ್ಲಾ?"

"ಹಾಕು. ನಮ್ಮಮ್ಮ ಹೊಲದಲ್ಲಿ ಆಯ್ದು ತಂದು ಮಾಡ್ತಿದ್ಲು. ಪೇಟೇಲಿ ಈ ಸೊಪ್ಪು ಸಿಗಲ್ಲ. ಪಾಲಕ್ಕು ಕೊಡ್ತಾರೆ, ಅದೂ ಒಂದು ಸೊಪ್ಪಾ?"

ನಾನೂ ಎರಡನೇ ಸಲ ಹಾಕಿಸಿಕೊಂಡೆ. ಬಹಳ ದಿನಗಳ ಮೇಲೆ ಅಂಥ ಸಾರು. ಹಿಂದಿನ ವಾರದ ನಿದ್ದೆಯೆಲ್ಲ ಕಣ್ಣಿಗೆ ಬಂತು.

"ಎಲ್ಲಿ ಸಿಕ್ತು ಇದು?" ಎಂದರು ಅಧ್ಯಕ್ಷರು, ಕೈ ನೆಕ್ಕುತ್ತಾ.

"ಎಲ್ಲೀದು ಏನ್ ಬಂತು ಸಾರ್, ಇಲ್ಲೇ, ನಮ್ಮ ಮುಂದ್ಗಡೆದೇ" ಎಂದಳು ರತ್ನಮ್ಮ.

ನನ್ನ ಕೈ ಎಲೆಯ ಮೇಲೆ ನಿಂತಿತು. ಶಮೀಮ್ ಮೇಡಂ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಆಮೇಲೆ ಇಬ್ಬರೂ ರತ್ನಮ್ಮನನ್ನು ನೋಡಿದೆವು.

"ಹಂಗ್ಯಾಕೆ ನೋಡ್ತೀರಮ್ಮ?" ಎಂದಳು ಅವಳು ಶಮೀಮ್ ಮೇಡಮ್ಮಿಗೆ. "ಬೆಳಿಗ್ಗೆ ನೀವೇ ತಾನೇ ಹೇಳಿದ್ದು, ಅಧ್ಯಕ್ಷರಿಗೆ ಅನ್ನ ಬೇಡ, ಮುದ್ದೆ ಸೊಪ್ಪಿನ ಸಾರು ಮಾಡು ಅಂತ? ದೊಡ್ಡೋರು ಬರ್ತಾರೆ, ಮುಂದ್ಗಡೆ ನೀಟಾಗಿರ್ಲಿ ಅಂತಾನೂ ಅಂದ್ರಿ. ನಾನೂ ಕಸ ಗುಡಿಸೋ ಆಯಮ್ಮನೂ ಕೂತು ಅಣ್ಣೆ, ಕನ್ನೆ, ಗೋಣಿ, ಎಲ್ಲಾ ಬಿಡಿಸಿದ್ವಿ. ಕಳೆನೂ ಹೋಯ್ತು, ಸಾರೂ ಆಯ್ತು."

ಅಧ್ಯಕ್ಷರು ಕೈ ತೊಳೆದು, "ನಡೀರಿ, ನಿಮ್ಮ ತೋಟ ನೋಡಣ" ಎಂದರು.

ತಂಗಡಿ ಇತ್ತು, ಹೂವಿತ್ತು, ಹುಲ್ಲಿತ್ತು, ಕಲ್ಲಿತ್ತು. ಅವುಗಳ ಕೆಳಗೆ ಕೆಮ್ಮಣ್ಣು, ಹೆರಳು ಹಾಕುವ ಮುಂಚೆ ತಲೆ ಬಾಚಿದ ಹಾಗೆ, ಬೆರಳ ಗೆರೆಗಳ ಸಮೇತ ಬರಿದಾಗಿ ಮಲಗಿತ್ತು. ಒಂದು ಎಲೆ ಬಿಟ್ಟಿರಲಿಲ್ಲ. ವಿಷ್ಣುಕ್ರಾಂತಿಯನ್ನು ಮಾತ್ರ ತಿನ್ನಲು ಬಾರದೆಂದು ಉಳಿಸಿದ್ದರು, ಅಲ್ಲೊಂದು ಇಲ್ಲೊಂದು.

ಅಧ್ಯಕ್ಷರು ಸೊಂಟದ ಮೇಲೆ ಕೈಯಿಟ್ಟು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. ಹೂವಿನ ಮೇಲೆ ಜೇನು ಗುಯ್ಗುಟ್ಟುತ್ತಿತ್ತು. ನಾನು ಬಾಯಿ ತೆರೆದು, ಸಾರ್, ನಿನ್ನೆ ಇಲ್ಲಿ, ಎಂದು ಶುರು ಮಾಡಿದೆ.

"ಇದಕ್ಕೆ ನೀರು ಎಷ್ಟು ಹಾಕಿದ್ರಿ?" ಎಂದು ತಡೆದರು.

"ಈ ಸೊಪ್ಪಿಗಾ ಸಾರ್? ಹಾಕಿಲ್ಲ. ಮಳೆದೇ."

"ಮತ್ತೆ ಬರುತ್ತಾ?"

ರತ್ನಮ್ಮ ಹಿಂದಿನಿಂದ, "ಒಂದು ಮಳೆ ಬಿದ್ರೆ ಎದ್ದು ಬರುತ್ತೆ ಸಾರ್. ಬೇರು ಬಿಟ್ಟು ಚಿವುಟಿದೀನಿ" ಎಂದಳು.

ಅಧ್ಯಕ್ಷರು ಮುಂಚೆ ತಮ್ಮ ಕುರ್ಚಿ ಹಾಕುತ್ತಿದ್ದ ಜಾಗವನ್ನು ನೋಡಿದರು. ಅಲ್ಲೀಗ ಒಂದು ಬಂಡೆ, ಅದಕ್ಕೆ ಒರಗಿದ ಕಾರೆ ಗಿಡ. "ಆ ಲಾನಿಗೆ ಇಷ್ಟು ವರ್ಷ ನೀರು ಹಾಕಿದ್ವಲ್ಲ ಮೇಡಂ," ಎಂದರು ಶಮೀಮ್ ಮೇಡಮ್ಮಿಗೆ, "ಒಂದು ಹೊತ್ತಿನ ಸಾರು ಕೊಡ್ತಾ ಅದು?"

"ಇಲ್ಲ ಸಾರ್."

"ಹುಡುಗೀರ ಕಡೆ ನೀರು ಎಲ್ಲೀವರೆಗೂ ಬರ್ತಿದೆ ಈಗ?"

"ಶಾಲೆ ಬಿಡೋವರೆಗೂ ಬರ್ತಿದೆ ಸಾರ್."

"ಹಂಗಾದ್ರೆ ಪೈಪು ಅಲ್ಲೇ ಇರ್ಲಿ ಬಿಡಿ."

ಅಷ್ಟೇ. ವರ್ಷವಿಡೀ ಹಿಡಿದಿದ್ದ ಉಸಿರನ್ನು ಶಮೀಮ್ ಮೇಡಂ ಬಿಟ್ಟದ್ದು ನನಗೆ ಕೇಳಿಸಿತು. ಅವರು ಸೆರಗಿನಿಂದ ಕನ್ನಡಕ ಒರೆಸುತ್ತಾ ಕಕ್ಕೆ ಗಿಡದ ಕಡೆ ತಿರುಗಿ ನಿಂತರು. ತೋಟದ ವಿನ್ಯಾಸ, ಕಲ್ಲಿನ ಜೋಡಣೆ, ಮಳೆನೀರಿನ ತಗ್ಗು, ಇವುಗಳ ಬಗ್ಗೆ ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಭಾಷಣವನ್ನು ಯಾರೂ ಕೇಳಲಿಲ್ಲ.

ಕಾರು ಹತ್ತುವಾಗ ಅಧ್ಯಕ್ಷರು ಬಾಗಿಲು ಹಿಡಿದು ನಿಂತು, ಸ್ವಲ್ಪ ಸಂಕೋಚದಿಂದಲೇ ರತ್ನಮ್ಮನನ್ನು ಕರೆದರು. "ಏನಮ್ಮ, ಆ ಸೊಪ್ಪು ಉಳಿದಿದ್ರೆ ಒಂದು ಕವರ್‌ಗೆ ಹಾಕ್ಕೊಡು. ಮನೇಲಿ ರಾತ್ರಿಗೆ ಮಾಡಿಸ್ತೀನಿ."

ರತ್ನಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಈ ಕಡೆಯಿಂದ ಆ ಕಡೆಯವರೆಗೆ ಹುಡುಕಿದರೂ, ಅವರಿಗೆ ಕೊಡಲು ಒಂದು ಹಿಡಿ ಸೊಪ್ಪು ಉಳಿದಿರಲಿಲ್ಲ.